ಔರಾದಿನ ದಾರಿಗೆ ಮುನ್ನೂರೈವತ್ತು ಸಿಸಿ

ಸ್ಪ್ಲೆಂಡರ್ ಕೊಟ್ಟು ದೊಡ್ಡ ಗಾಡಿ ತರಬೇಕೆಂಬ ಆಸೆ ಬೀದರ್, ಭಾಲ್ಕಿ, ಔರಾದಿನ ಹುಡುಗರಲ್ಲಿ ಹೊಸದಲ್ಲ. 2025ರ ಸೆಪ್ಟೆಂಬರ್ 22ರಂದು 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು, ಅದಕ್ಕೂ ದೊಡ್ಡವಕ್ಕೆ ಶೇ 40 ಆದ ಮೇಲೆ ಆ ಆಸೆ 349 ಸಿಸಿಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್, 348 ಸಿಸಿಯ ಹೋಂಡಾ ಹೈನೆಸ್‌ಗಳ ಕಡೆ ಇನ್ನಷ್ಟು ವಾಲಿದೆ. ಬೆಲೆ ಇಳಿದದ್ದು ಒಳ್ಳೆಯದೇ. ಗಾಡಿ ಗಟ್ಟಿಯೋ ಅಲ್ಲವೋ ಎಂದು ನಮ್ಮ ಕಡೆ ಅಳೆಯುವ ರೀತಿ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಶೋರೂಮಿನಿಂದ ಹೊರಟು ಒಂದು ಸುತ್ತು ಹಾಕುತ್ತೇವೆ, ಆವಾಜ್ ಕೇಳುತ್ತೇವೆ, ಮೈಲೇಜು ಮತ್ತು ರೀಸೇಲ್ ವಿಚಾರಿಸುತ್ತೇವೆ. ಈ ಪರೀಕ್ಷೆಯಲ್ಲಿ ಫೇಲಾಗುವ ಹೊಸ ಗಾಡಿಯೇ ಇಲ್ಲ. ಉಳಿದದ್ದನ್ನು ಬಂಧುಗಳಲ್ಲಿ ಯಾರೋ ಒಬ್ಬರ ಮಾತು ತೀರ್ಮಾನಿಸುತ್ತದೆ: ‘ಬುಲೆಟ್ ಅಂದ್ರ ಆಯಿಲ್ ಸೋರ್ತದ, ಕೈ ಜೋಮು ಹಿಡಿತದ.’ ಆ ಮಾತು ಸುಳ್ಳಲ್ಲ, ಆದರೆ ಅದು ಹಳೆಯ 346 ಸಿಸಿ ಎಂಜಿನ್ನಿನದು. 2020ರ ನವೆಂಬರಿನಲ್ಲಿ ಮೀಟಿಯರ್ ಜೊತೆ ಬಂದು, 2021ರ ಸೆಪ್ಟೆಂಬರಿನಲ್ಲಿ ಕ್ಲಾಸಿಕ್‌ಗೂ ಸೇರಿದ ಎಂಜಿನ್ ಬೇರೆಯದೇ. ಅದರಲ್ಲಿ ಪುಶ್‌ರಾಡ್ ಇಲ್ಲ, ನಡುಕ ತಗ್ಗಿಸಲು ಬ್ಯಾಲೆನ್ಸರ್ ಶಾಫ್ಟ್ ಇದೆ. ಹೆಸರು ಒಂದೇ ಇದ್ದ ಮಾತ್ರಕ್ಕೆ ಹಳೆಯ ಎಂಜಿನ್ನಿನ ಅಪವಾದ ಹೊಸದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಳೆಯದರ ಕೀರ್ತಿಯನ್ನು ಹೊಸದಕ್ಕೆ ಧಾರೆ ಎರೆಯುವುದೂ ಅಷ್ಟೇ ತಪ್ಪು.

ರೀಕಾಲ್ ಸುದ್ದಿ ಬಂದಾಗಲೂ ಇದೇ ಗೊಂದಲ. 2021ರ ಮೇ ತಿಂಗಳಲ್ಲಿ ಇಗ್ನಿಷನ್ ಕಾಯಿಲ್ ದೋಷಕ್ಕಾಗಿ ಎನ್‌ಫೀಲ್ಡ್ 2,36,966 ಗಾಡಿಗಳನ್ನು ವಾಪಸ್ ಕರೆಯಿತು. ಅದೇ ಡಿಸೆಂಬರಿನಲ್ಲಿ ಹಿಂದಿನ ಬ್ರೇಕಿನ ಬ್ರಾಕೆಟ್ ಸಲುವಾಗಿ 26,300 ಹೊಸ ಕ್ಲಾಸಿಕ್‌ಗಳನ್ನು ಕರೆಯಿತು. ತಪ್ಪು ಒಪ್ಪಿ ಪುಕ್ಕಟೆಯಾಗಿ ರಿಪೇರಿ ಮಾಡಿಕೊಡುವುದನ್ನು ನಾನು ದೂರಿನ ಪಟ್ಟಿಗೆ ಸೇರಿಸಲಾರೆ. ನೀವು ಕೊಳ್ಳಲಿರುವ ಸೆಕೆಂಡ್‌ಹ್ಯಾಂಡ್ ಗಾಡಿಗೆ ಆ ಕೆಲಸ ಆಗಿದೆಯೇ ಎಂಬುದೇ ಪ್ರಶ್ನೆ. ಚಾಸಿಸ್ ನಂಬರು ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ಕೇಳಿ.

ಇನ್ನು ನಮ್ಮ ದಾರಿಗಳು. ಬೀದರ್ ಊರು ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಭಾಲ್ಕಿ, ಔರಾದಿನ ಕಡೆ ಇಳಿದರೆ ಎರೆಭೂಮಿ. ಮಳೆಗಾಲದಲ್ಲಿ ಹೊಲದ ದಾರಿ ಹಿಡಿದರೆ ಎರೆಮಣ್ಣು ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮೆತ್ತಿಕೊಂಡು ಚಕ್ರವೇ ತಿರುಗದು. ಸುಮಾರು 112 ಕಿಲೋ ತೂಕದ ಸ್ಪ್ಲೆಂಡರನ್ನು ಒಬ್ಬರೇ ಎಳೆದು ಹೊರತರಬಹುದು, 195 ಕಿಲೋದ ಕ್ಲಾಸಿಕ್ಕಿಗೆ ಇನ್ನೊಬ್ಬರು ಬೇಕು. ಬೇಸಿಗೆಯಲ್ಲಿ ಅದೇ ಮಣ್ಣು ಧೂಳಾಗಿ ಏರ್ ಫಿಲ್ಟರು, ಚೈನು ಸೇರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಲಿಗಳು ಓಡಾಡಿ ಕಿತ್ತುಹೋದ ರಸ್ತೆ ಹ್ಯಾಂಡಲ್ಲಿನ ಕೋನ್ ಸೆಟ್ಟನ್ನು ತಿನ್ನುತ್ತದೆ.

ಹೊಸ ಕ್ಲಾಸಿಕ್ಕಿಗೆ ಕಿಕ್ ಇಲ್ಲ, ಹೈನೆಸ್ಸಿಗೂ ಇಲ್ಲ. ಬ್ಯಾಟರಿ ಪೂರ್ತಿ ಕೂತರೆ ಪೆಟ್ರೋಲ್ ಪಂಪೇ ಕೆಲಸ ಮಾಡದು, ತಳ್ಳಿ ಸ್ಟಾರ್ಟ್ ಮಾಡುವ ಹಳೆಯ ಉಪಾಯವನ್ನೂ ನೆಚ್ಚುವಂತಿಲ್ಲ. ಕ್ಲಾಸಿಕ್ಕಿನ ತಂತಿಚಕ್ರದಲ್ಲಿರುವುದು ಟ್ಯೂಬು: ಔರಾದಿನ ದಾರಿಯ ಸಂತಪುರದ ಆಚೆ ಪಂಕ್ಚರ್ ಆದರೆ ಚಕ್ರ ಬಿಚ್ಚಬೇಕು. ಅಲಾಯ್ ಚಕ್ರದ ಟ್ಯೂಬ್‌ಲೆಸ್ ಟೈರಾದರೆ ನಿಂತಲ್ಲೇ ಮುಚ್ಚಬಹುದು. ನೋಟಕ್ಕೆ ತಂತಿಚಕ್ರ ಚೆಂದ ನಿಜ, ಈ ದಾರಿಗೆ ನನ್ನ ಆಯ್ಕೆ ಅಲಾಯ್.

ಹಾಗಾದರೆ ಪರೀಕ್ಷೆ ಹೇಗೆ? ನಿಮ್ಮದೇ ದಾರಿಯಲ್ಲಿ ಮೂರು ವರ್ಷ ಓಡಿದ, ಅದೇ ಮಾಡೆಲ್ಲಿನ ಗಾಡಿ ಹುಡುಕಿ. ಬೆಳಿಗ್ಗೆ ಹೋಗಿ, ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ, ರಾತ್ರಿ ನಿಂತ ಜಾಗದಲ್ಲಿ ಆಯಿಲ್ ಹನಿ ಬಿದ್ದಿದೆಯೇ ನೋಡಿ. ಆಮೇಲೆ ಮಾಲೀಕರ ಬಳಿ ಸರ್ವಿಸ್ ಬಿಲ್ಲುಗಳನ್ನು ಕೇಳಿ ಓದಿ. ಟೈರು, ಚೈನ್ ಸ್ಪ್ರಾಕೆಟ್, ಬ್ರೇಕ್ ಪ್ಯಾಡ್ ಸವೆಯುವುದು ದೋಷವಲ್ಲ, ಓಡಿದ ಗಾಡಿಗೆ ಸವೆತ ಇದ್ದದ್ದೇ. ಒಂದೇ ದೂರು ಬಿಲ್ಲಿನಿಂದ ಬಿಲ್ಲಿಗೆ ಮರಳಿ ಬಂದಿದ್ದರೆ ಅದು ದೋಷ. ಕೊನೆಗೆ ನಿಮ್ಮೂರಿನ ಮಿಸ್ತ್ರಿಯನ್ನು ಕಂಡು, ಯಾವ ಸಾಮಾನಿಗೆ ಎಷ್ಟು ದಿನ ಕಾಯುತ್ತೀರಿ ಎಂದು ಕೇಳಿ. ಬೀದರ್ ನಗರದಲ್ಲಿರುವವರಿಗೆ ಈ ಪ್ರಶ್ನೆ ಅಷ್ಟು ಮುಖ್ಯವಲ್ಲ. ಸುಮಾರು 40 ಕಿಲೋಮೀಟರ್ ದೂರದ ಔರಾದಿನವರಿಗೆ ಇದೇ ಮೊದಲ ಪ್ರಶ್ನೆ.

ಕಡಿಮೆ ಬೆಲೆಗೆ ಸಿಗುವ 2020ಕ್ಕಿಂತ ಹಿಂದಿನ ಕಾರ್ಬ್ಯುರೇಟರ್ ಕ್ಲಾಸಿಕ್ ಬಗ್ಗೆ ಒಂದು ಎಚ್ಚರಿಕೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಆ ಗಾಡಿಗಳು ತಯಾರಾದದ್ದು ಇದಕ್ಕಲ್ಲ. ರಬ್ಬರ್ ಪೈಪು, ವಾಷರು, ಟ್ಯಾಂಕಿನ ಒಳಗಿನ ತುಕ್ಕು ನೋಡದೆ ದುಡ್ಡು ಕೊಡಬೇಡಿ.

ನನ್ನ ತೀರ್ಪು ಇಷ್ಟು. ದಿನಾ ಡಾಂಬರು ರಸ್ತೆಯಲ್ಲಿ ಬೀದರ್–ಭಾಲ್ಕಿ ಓಡಾಡುವವರಿಗೆ, ಆಗಾಗ ಹೈದರಾಬಾದಿಗೆ ಹೋಗುವವರಿಗೆ ಹೊಸ 349 ಸಿಸಿ ಎಂಜಿನ್ ನಂಬಬಹುದಾದದ್ದೇ, ಧೈರ್ಯವಾಗಿ ಕೊಳ್ಳಿ. ಹೊಲಕ್ಕೂ ಸಂತೆಗೂ ದವಾಖಾನೆಗೂ ಮನೆಯಲ್ಲಿ ಒಂದೇ ಗಾಡಿ ಇರುವ ಔರಾದಿನ ರೈತರು ಮಾತ್ರ ಸ್ಪ್ಲೆಂಡರನ್ನು ಈಗಲೇ ಮಾರಬೇಡಿ. ದೊಡ್ಡ ಗಾಡಿ ಒಂದು ಮಳೆಗಾಲ ದಾಟಲಿ, ಆಮೇಲೆ ಯೋಚಿಸಿ.