ಅಲ್ಪಖ್ಯಾತ ಚಲಚ್ಚಿತ್ರಗಳ ಭಿತ್ತಿಪತ್ರ ಸಂಗ್ರಹ: ಒಂದು ವಿಮರ್ಶೆ

1934ರಲ್ಲಿ ತೆರೆಕಂಡ ಪ್ರಥಮ ಕನ್ನಡ ವಾಕ್ಚಿತ್ರ 'ಸತೀ ಸುಲೋಚನಾ'ದ ಪ್ರತಿಯೇ ಉಳಿದಿಲ್ಲವೆಂದ ಮೇಲೆ, ಅಲ್ಪ ಬಂಡವಾಳದ ಅಜ್ಞಾತ ಚಿತ್ರಗಳ ಪಾಡನ್ನು ಹೇಳಬೇಕಾದುದಿಲ್ಲ. ಅಂಥವಕ್ಕೆ ಅನೇಕ ವೇಳೆ ಭಿತ್ತಿಪತ್ರವೊಂದೇ ಸಾಕ್ಷಿ.

ಆದರೆ ಸಂಗ್ರಾಹಕರು ಗೋಡೆಯನ್ನೇ ಕಾಣದ, ಕಲೆಯಿಲ್ಲದ ಹಾಳೆಯನ್ನು ಮೆಚ್ಚುವರು. ಈ ಅಭಿರುಚಿಯನ್ನು ನಾವು ಒಪ್ಪಲಾರೆವು. ಅಚ್ಚಾದ ಹಾಳೆಯು ಚಿತ್ರದ ಹೆಸರನ್ನು ಹೇಳೀತು. ಟಾಕೀಸಿನ ಹೆಸರು, ಆಟದ ವೇಳೆಗಳನ್ನು ತಿಳಿಸುವುದು ಅದರ ಮೇಲೆ ಅಂಟಿಸಿದ ಚೀಟಿ. ಕನ್ನಡ, ತೆಲುಗು, ತಮಿಳುಗಳು ಕೂಡುವ ಈ ಸೀಮೆಯಲ್ಲಿ ಯಾವ ಭಾಷೆಯ ಚಿತ್ರವು ಕೋಲಾರದಲ್ಲಿ ನಡೆಯಿತು, ಯಾವುದು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳನ್ನು ಮುಟ್ಟಿತು ಎಂಬುದಕ್ಕೆ ಆ ಚೀಟಿಯೇ ಆಧಾರ.

1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದ ರೈಸರು ಪಾಠದೊಡನೆ ಕಲ್ಲಿದ್ದ ಸ್ಥಳವನ್ನೂ ನಮೂದಿಸಿದರು. ಕಾಗದಕ್ಕೂ ಅದೇ ನ್ಯಾಯ. ಹರಿದಿದ್ದರೂ ಚೀಟಿಯುಳ್ಳ ಪತ್ರವನ್ನೇ ಮೊದಲು ಉಳಿಸತಕ್ಕದ್ದೆಂದು ನಮ್ಮ ಮತ.