ಹೂದಾನಿಯ ಲಿಲಿ

ಮಂಗಳವಾರ್ತೆಯ ಚಿತ್ರಗಳಲ್ಲಿ ಲಿಲಿ ಕಂಡೊಡನೆ ‘ಕನ್ಯಾತ್ವದ ಸಂಕೇತ’ವೆಂದು ಹೇಳಿ ಮುಗಿಸುವುದು ನಮ್ಮ ಪ್ರಬೋಧನೆಗಳ ರೂಢಿ. 1333ರಲ್ಲಿ ಸಿಯೆನಾದ ಪ್ರಧಾನಾಲಯಕ್ಕಾಗಿ ಸಿಮೋನೆ ಮಾರ್ತೀನಿ, ಲಿಪ್ಪೊ ಮೆಮ್ಮಿ ರಚಿಸಿದ ಚಿತ್ರ ಈ ಆತುರಕ್ಕೆ ಎಡೆಗೊಡದು. ಅಲ್ಲಿ ಗಬ್ರಿಯೇಲ್ ದೂತನ ಕೈಯಲ್ಲಿರುವುದು ಓಲಿವ್ ರೆಂಬೆ; ಲಿಲಿಗಳಿರುವುದು ಇಬ್ಬರ ನಡುವಿನ ಹೂದಾನಿಯಲ್ಲಿ. ಲಿಲಿಯು ಎದುರಾಳಿ ನಗರ ಫ್ಲಾರೆನ್ಸಿನ ಲಾಂಛನವಾದ್ದರಿಂದ ಹೀಗೆಂಬ ವಿವರಣೆ ನಮಗೆ ಸಾಲದು. ಹೂವನ್ನು ಚಿತ್ರದಿಂದ ಹೊರಗಿಟ್ಟಿಲ್ಲವಲ್ಲ! ದೂತ ತರುವುದು ಸಮಾಧಾನವನ್ನು, ಪರಿಶುದ್ಧತೆಯ ಪ್ರಶಸ್ತಿಯನ್ನಲ್ಲ. ಲೂಕನ ಶುಭಸಂದೇಶದಲ್ಲಿಯೂ ಈ ಪ್ರಸಂಗಕ್ಕೆ ಹೂವಿಲ್ಲ, ಕಳವಳವಿದೆ (1:29). ಅದನ್ನು ಹೂವಿನಿಂದ ಮುಚ್ಚಿದಾಗ ನಾವು ಮರಿಯಮ್ಮನವರ ಸಮ್ಮತಿಯನ್ನೇ ಹಗುರಗೊಳಿಸುತ್ತೇವೆ. ಚಿತ್ರದಲ್ಲಿ ಅವರು ಮೇಲುಹೊದಿಕೆಯನ್ನು ಕೊರಳಿಗೆಳೆದುಕೊಂಡು, ಓದುತ್ತಿದ್ದ ಪುಟಕ್ಕೆ ಹೆಬ್ಬೆರಳಿಟ್ಟು, ಹಿಂದೆ ಸರಿಯುತ್ತಿದ್ದಾರೆ, ಇನ್ನೂ ಉತ್ತರಿಸಿಲ್ಲ.