ಚೋಮನ ಎತ್ತು, ಸಂಕಪ್ಪಯ್ಯನ ಗದ್ದೆ

ಓದುವ ಬಳಗವೊಂದರಲ್ಲಿ ಹೋದ ತಿಂಗಳು ‘ಚೋಮನ ದುಡಿ’ ಓದುತ್ತಿದ್ದೆವು. ಬಿ.ಎ. ಓದುತ್ತಿರುವ ಹುಡುಗಿಯೊಬ್ಬಳು ಕೇಳಿದಳು: “ಸರ್, ಸಾಲ ಅಷ್ಟು ಕಾಡುತ್ತಿದ್ದರೆ ಚೋಮ ಎತ್ತು ಮಾರಬಹುದಿತ್ತಲ್ಲ? ಮಕ್ಕಳನ್ನು ಕಾಫಿ ತೋಟಕ್ಕೆ ಯಾಕೆ ಕಳಿಸಬೇಕಿತ್ತು?” ಒಂದಿಬ್ಬರು ನಕ್ಕರು. ನಾನು ಕನಸು, ಹಠ, ಸ್ವಾಭಿಮಾನ ಅಂತೆಲ್ಲ ಏನೋ ಹೇಳಿ ದಾಟಿಕೊಂಡೆ. ಮನೆಗೆ ಬರುವ ದಾರಿಯಲ್ಲಿ ನಾಚಿಕೆಯಾಯಿತು. ಅವಳು ಕೇಳಿದ್ದು ಲೆಕ್ಕದ ಪ್ರಶ್ನೆ, ನಾನು ಕೊಟ್ಟದ್ದು ಭಾವದ ಉತ್ತರ. ಈ ಕಾದಂಬರಿಯನ್ನು ನಾವು ಓದಿಕೊಂಡು ಬಂದಿರುವ ರೀತಿಯೇ ಹೀಗೆ.

1933ರಲ್ಲಿ ಬಂದ ಈ ಸಣ್ಣ ಪುಸ್ತಕದ ಬಗ್ಗೆ ಬರೆದವರು ಕಡಿಮೆಯಿಲ್ಲ. ಅಸ್ಪೃಶ್ಯತೆ, ಮತಾಂತರ, ದುಡಿಯ ಸಂಕೇತ ಎಲ್ಲವೂ ಚರ್ಚೆಗೆ ಬಂದಿವೆ. ಹೆಸರಿನಲ್ಲೇ ದುಡಿ ಇರುವುದರಿಂದ ನಮ್ಮ ಕಿವಿ ಅದರ ಕಡೆಗೇ ವಾಲುತ್ತದೆ. ಚೋಮ ಕೇಳಿದ್ದಾದರೂ ಏನನ್ನು? ಬೇಸಾಯಕ್ಕೊಂದು ತುಂಡು ಗದ್ದೆ. ಆ ಗದ್ದೆ ಎಂಥದ್ದು, ಅದರಲ್ಲಿ ಬೆಳೆ ಬರಬೇಕಾದರೆ ಏನೇನು ಬೇಕು, ಅದನ್ನು ಕೊಡದೆ ಇದ್ದವರಿಗೆ ಏನು ಲಾಭ ಎಂದು ಕೇಳಿದ ವಿಮರ್ಶೆಯನ್ನು ನಾನು ಕಂಡದ್ದು ಕಡಿಮೆ. ಊರಿನ ನಕ್ಷೆಯನ್ನು ಬದಿಗಿಟ್ಟು ಕತೆಯನ್ನು ಮಾತ್ರ ಓದಿದರೆ ಚೋಮ ದುರಂತ ನಾಯಕನಾಗುತ್ತಾನೆ. ನಕ್ಷೆ ಬಿಡಿಸಿಕೊಂಡು ಓದಿದರೆ ಅವನು ಇನ್ನೂ ಇಕ್ಕಟ್ಟಿನ ಜಾಗದಲ್ಲಿ ಕಾಣುತ್ತಾನೆ.

ದಕ್ಷಿಣ ಕನ್ನಡದ ಗದ್ದೆಗಳಿಗೆ ಮೂರು ಹೆಸರು: ಬೈಲು, ಮಜಲು, ಬೆಟ್ಟು. ಎರಡು ಗುಡ್ಡಗಳ ನಡುವಿನ ತಗ್ಗು ಬೈಲು. ನೀರು ಅಲ್ಲಿ ನಿಲ್ಲುತ್ತದೆ, ಹಾಗಾಗಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಗೂ ಅವಕಾಶವಿದೆ. ಅದಕ್ಕಿಂತ ಮೇಲಿನದು ಮಜಲು, ಎರಡು ಬೆಳೆಯ ನೆಲ. ಇನ್ನೂ ಮೇಲೆ, ಗುಡ್ಡದ ಮೈಗೆ ಅಂಟಿಕೊಂಡಿರುವುದು ಬೆಟ್ಟು, ಮಳೆ ನಂಬಿದ ಒಂದೇ ಬೆಳೆ. ಕೆಲವೇ ಮಾರುಗಳ ಏರಿಳಿತದಲ್ಲಿ ಒಬ್ಬನ ವರ್ಷದ ಅನ್ನ ನಿರ್ಧಾರವಾಗುತ್ತದೆ. ‘ಭೂಮಿ’ ಎಂಬ ನಮ್ಮ ಸಾಹಿತ್ಯದ ದೊಡ್ಡ ಪದಕ್ಕೆ ಈ ವ್ಯತ್ಯಾಸ ಗೊತ್ತೇ ಇಲ್ಲ. ಭೂಮಿತಾಯಿ ಎಂದು ಕೈಮುಗಿಯುವವರು ಅದು ಬೈಲೋ ಬೆಟ್ಟೋ ಎಂದು ಕೇಳುವುದಿಲ್ಲ. ಬೇಸಾಯಗಾರ ಮೊದಲು ಕೇಳುವುದೇ ಅದನ್ನು.

ಇನ್ನೊಂದು ಸಂಗತಿ. ಅಲ್ಲಿನ ಗದ್ದೆ ಒಂಟಿಯಾಗಿ ಬದುಕುವುದಿಲ್ಲ. ಭಾರೀ ಮಳೆಗೆ ಮಣ್ಣಿನ ಸಾರ ತೊಳೆದುಹೋಗುತ್ತದೆ, ಆದ್ದರಿಂದ ಪ್ರತಿ ವರ್ಷ ಗುಡ್ಡದಿಂದ ಸೊಪ್ಪು ತಂದು ಹಟ್ಟಿಗೆ ಹಾಸಿ, ದನ ತುಳಿದ ಗೊಬ್ಬರವನ್ನು ಗದ್ದೆಗೆ ಹೊರಬೇಕು. ಈ ಸೊಪ್ಪಿಗಾಗಿಯೇ ಅಲ್ಲಿ ಕುಮ್ಕಿ ಎಂಬ ಸವಲತ್ತು ಇತ್ತು: ಹಳೆಯ ವರ್ಗಗಳಿಗೆ ತಾಗಿದ ನೂರು ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ಹುಲ್ಲು, ಕಟ್ಟಿಗೆ ತೆಗೆಯುವ ಹಕ್ಕು ಆ ವರ್ಗದಾರನದು. ಉತ್ತರ ಕನ್ನಡದ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಇದ್ದಂತೆ. ಅಂದರೆ ತಗ್ಗಿನ ಗದ್ದೆ ಯಾರದೋ, ಪಕ್ಕದ ಗುಡ್ಡದ ಹಸಿರೂ ಅವರದೇ. ಗದ್ದೆ ಇಲ್ಲದವನಿಗೆ ಗುಡ್ಡವೂ ಇಲ್ಲ. ಚೋಮನ ಎತ್ತುಗಳು ಕಾಡಿನಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದಾಗ ಅವನಿಗೆ ಸಿಕ್ಕವು. ಆ ಇಡೀ ಊರಿನಲ್ಲಿ ಧಣಿಯ ಕೈಯಿಂದ ಬಾರದೆ ಚೋಮನ ಪಾಲಿಗೆ ಬಂದ ಆಸ್ತಿ ಅದೊಂದೇ. ಬೇಸಾಯದ ಅರ್ಧಭಾಗ ಅವನ ಹಟ್ಟಿಯಲ್ಲೇ ಕಟ್ಟಿಹಾಕಿಕೊಂಡಿತ್ತು. ಉಳಿದರ್ಧ ಸಂಕಪ್ಪಯ್ಯನ ಮನೆಯಲ್ಲಿತ್ತು.

ಕೊಡಬಹುದಿತ್ತಲ್ಲ? ಮಾರಲು ಕೇಳಿದ್ದಲ್ಲ, ಗೇಣಿಗೆ ಕೇಳಿದ್ದು. ಕರಾವಳಿಯಲ್ಲಿ ಗೇಣಿ ಹೊಸತಲ್ಲ. ತಲೆಮಾರುಗಳವರೆಗೆ ಉಳಿಯುವ ಮೂಲಗೇಣಿ, ಒಡೆಯ ಬೇಕೆಂದಾಗ ಬಿಡಿಸಬಹುದಾದ ಚಾಲಗೇಣಿ, ಹೀಗೆ ಮೆಟ್ಟಿಲುಗಳಿದ್ದವು. ಚೋಮ ಕೊನೆಯ ಮೆಟ್ಟಿಲಿಗಿಂತಲೂ ಕೆಳಗೆ, ಮೂಲದಾಳಾಗಿ ಇದ್ದವನು. ಅವನ ಜಾತಿಯವರು ಬೇಸಾಯ ಮಾಡುವಂತಿಲ್ಲ ಎಂಬುದು ಕಟ್ಟಳೆ. ಈ ಕಟ್ಟಳೆಯನ್ನು ನಾವು ಧಾರ್ಮಿಕ ಕ್ರೌರ್ಯ ಎಂದಷ್ಟೇ ಓದಿ ಮುಗಿಸುತ್ತೇವೆ. ನಾಟಿಯ ಕಾಲವನ್ನು ಒಮ್ಮೆ ನೆನಪಿಸಿಕೊಳ್ಳಿ. ಮುಂಗಾರು ಹಿಡಿದ ಮೇಲೆ ಕೆಲವೇ ವಾರಗಳಲ್ಲಿ ಉಳುಮೆ, ನೇಜಿ ಕೀಳುವುದು, ನೆಡುವುದು ಎಲ್ಲ ಮುಗಿಯಬೇಕು. ಎಲ್ಲ ಗದ್ದೆಗೂ ಎಲ್ಲ ಕೈಗಳೂ ಒಟ್ಟಿಗೇ ಬೇಕು. ಚೋಮನಿಗೆ ತನ್ನದೇ ಗದ್ದೆ ಇದ್ದರೆ ಅವನೂ ಮಕ್ಕಳೂ ಆ ವಾರಗಳಲ್ಲಿ ಎಲ್ಲಿರುತ್ತಾರೆ? ಇವತ್ತು ಒಬ್ಬ ಚೋಮ, ನಾಳೆ ಇಡೀ ಕೇರಿ. ಧಣಿಯ ಬೈಲಿನಲ್ಲಿ ಆಳುಗಳನ್ನು ಹಿಡಿದಿಡುವ ಕೆಲಸವನ್ನು ಆ ಕಟ್ಟಳೆ ಪತ್ರ, ರುಜು ಯಾವುದೂ ಇಲ್ಲದೆ ಮಾಡುತ್ತಿತ್ತು.

ಹಾಗೆಂದು ಜಾತಿಯೆಲ್ಲ ಕೂಲಿಯ ಲೆಕ್ಕವೇ ಎಂದು ಹೇಳಿಬಿಟ್ಟರೆ ನಾನೂ ಇನ್ನೊಂದು ಸುಲಭದ ಉತ್ತರ ಕೊಟ್ಟಂತೆ. ಚೋಮನ ಮಗ ನೀರಿನಲ್ಲಿ ಮುಳುಗುತ್ತಿದ್ದಾಗ ದಡದಲ್ಲಿದ್ದವರು ಕೈ ಚಾಚುವುದಿಲ್ಲ. ನಾಳೆ ಆಳಾಗಬಹುದಾದ ಜೀವವನ್ನು ಮುಟ್ಟಲಾರದೆ ಬಿಟ್ಟುಬಿಡುತ್ತಾರೆ. ಯಾವ ಲೆಕ್ಕಕ್ಕೂ ಅದು ಸಿಗುವುದಿಲ್ಲ. ಆ ಪುಟಗಳ ಮುಂದೆ ನನ್ನ ನಕ್ಷೆ ಸಾಲದು.

ಕಾಫಿ ತೋಟದ ಭಾಗ ಮಾತ್ರ ನಕ್ಷೆ ಇಲ್ಲದೆ ಅರ್ಥವಾಗುವುದೇ ಇಲ್ಲ. ಕೆಳಗೆ ಭತ್ತದ ಬೈಲು, ಮೇಲೆ ಘಟ್ಟದ ತೋಟ. ಒಂದು ಊಟದ ಬೆಳೆ, ಇನ್ನೊಂದು ಪೇಟೆಯ ಬೆಳೆ. ಎರಡರ ನಡುವೆ ಜನರನ್ನು ಏರಿಸಿ ಇಳಿಸುವ ಹಗ್ಗವೇ ಮುಂಗಡ ಹಣ. ಮೊದಲು ಸಾಲ ಕೊಡುವುದು, ಆಮೇಲೆ ಸಾಲ ತೀರಿಸಲು ಘಟ್ಟ ಹತ್ತಿಸುವುದು. ಚೋಮನ ದೊಡ್ಡ ಮಕ್ಕಳಿಬ್ಬರು ಹತ್ತಿದರು. ಒಬ್ಬ ಸತ್ತ, ಇನ್ನೊಬ್ಬ ಬೇರೆ ಧರ್ಮಕ್ಕೆ ಹೋಗಿ ಅಪ್ಪನಿಗೆ ಇಲ್ಲವಾದ. ಕೊನೆಗೆ ಸಾಲ ಅಳಿಸಿದ್ದು ಬೆಳ್ಳಿ. ಅದಕ್ಕೆ ಅವಳು ಏನು ತೆತ್ತಳು ಎಂಬುದು ಓದಿದವರಿಗೆಲ್ಲ ಗೊತ್ತು. ಪಾದ್ರಿಗಳ ಕಡೆಗೆ ಚೋಮನ ಮನಸ್ಸು ಎಳೆದದ್ದೂ ಅಲ್ಲಾದರೂ ಗದ್ದೆ ಸಿಕ್ಕೀತೆಂಬ ಆಸೆಯಿಂದಲೇ. ಈ ಕತೆಯಲ್ಲಿ ಎಲ್ಲ ದಾರಿಗಳೂ ಗದ್ದೆಯ ಅಂಚಿನವರೆಗೆ ಬಂದು ನಿಲ್ಲುತ್ತವೆ.

ಹಾಗಾದರೆ ಎತ್ತು ಮಾರಿದ್ದರೆ? ಆ ಹೊತ್ತಿನ ಸಾಲ ಹಗುರಾಗುತ್ತಿತ್ತೇನೋ. ಆದರೆ ಗದ್ದೆ ಕೇಳಲು ಚೋಮನ ಬಳಿ ಇದ್ದ ಸಾಕ್ಷಿ ಆ ಎತ್ತುಗಳು. ಎತ್ತಿಲ್ಲದ ಚೋಮ ಬರೀ ಕೂಲಿ, ಎತ್ತಿರುವ ಚೋಮ ಗದ್ದೆಗಾಗಿ ಕಾಯುತ್ತಿರುವ ರೈತ. ಹುಡುಗಿಗೆ ನಾನು ಹೇಳಬೇಕಿದ್ದದ್ದು ಇಷ್ಟು. ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕಿತ್ತು: ಎತ್ತು ಉಳಿಯಲಿ ಎಂದು ಘಟ್ಟ ಹತ್ತಿದ್ದು ಚೋಮ ಅಲ್ಲ, ಮಕ್ಕಳು.

ಕಾರಂತರ ಮೇಲೆ ನನ್ನ ತಕರಾರು ಶುರುವಾಗುವುದು ಇಲ್ಲಿ. ಚೋಮನ ಕನಸು ಉಳುಮೆಯದು, ಅಂದರೆ ಗಂಡಸಿನ ಕೆಲಸದ್ದು. ನೇಜಿ ಕೀಳುವವರು, ನೆಡುವವರು, ಬಾಗಿ ನಿಂತು ಆ ಗದ್ದೆಯನ್ನು ಹಸಿರು ಮಾಡುವವರು ಹೆಂಗಸರು. ಬೆಳ್ಳಿಗೆ ಗದ್ದೆಯ ಬಗ್ಗೆ ಏನನ್ನಿಸುತ್ತಿತ್ತು? ಅಪ್ಪನಿಗೆ ಗೇಣಿ ಸಿಕ್ಕಿದ್ದರೆ ಅವಳ ಬೆನ್ನಿಗೆ ಬಿಡುವು ಸಿಗುತ್ತಿತ್ತೇ? ಕಾದಂಬರಿ ಚೋಮನ ಕಣ್ಣಿನಿಂದಲೇ ಗದ್ದೆ ನೋಡುತ್ತದೆ, ಅದಕ್ಕೇ ಈ ಪ್ರಶ್ನೆಗೆ ಅಲ್ಲಿ ಜಾಗ ಕಡಿಮೆ. ಕೆಲವು ವರ್ಷಗಳ ನಂತರದ ‘ಮರಳಿ ಮಣ್ಣಿಗೆ’ಯಲ್ಲಿ ಅವರೇ ಇದನ್ನು ತಿದ್ದಿಕೊಂಡರು ಅನ್ನಿಸುತ್ತದೆ. ಕೋಡಿಯ ಮರಳು ನೆಲ, ಒಂದು ಕಡೆ ಕಡಲು, ಉಪ್ಪುನೀರಿನ ಭಯ. ಅಲ್ಲಿ ಮನೆತನವನ್ನು ಎತ್ತಿ ಹಿಡಿದವರು ಪಾರೋತಿ, ಸರಸೋತಿಯರು, ಸ್ವತಃ ಗದ್ದೆಗೆ ಇಳಿದು ದುಡಿದವರು. ರಾಮ ಐತಾಳರಿಗೆ ಭೂಮಿ ಬಹುಪಾಲು ಪ್ರತಿಷ್ಠೆ. ನೆರೆಯ ಶೀನ ಮಯ್ಯರು ಬೆಂಗಳೂರಿನ ಹೋಟೆಲಿನ ಹಣದಿಂದ ಎದ್ದು ನಿಂತಾಗ ಅವರಿಗೂ ಪೈಪೋಟಿ ಹತ್ತುತ್ತದೆ. ಆದರೂ ಒಂದು ವ್ಯತ್ಯಾಸ ದೊಡ್ಡದು. ಐತಾಳರ ಮೊಮ್ಮಗ ರಾಮನಿಗೆ ಮರಳಿ ಹೋಗಲು ಒಂದು ಮಣ್ಣಿತ್ತು. ಕಳೆದುಕೊಂಡಾದರೂ ಇತ್ತು. ಚೋಮನ ವಂಶಕ್ಕೆ ಆ ಶೀರ್ಷಿಕೆಯನ್ನು ಕೊಡಲು ಬರುವುದಿಲ್ಲ.

ಬಿ.ವಿ. ಕಾರಂತರ ಸಿನಿಮಾ ಬಂದದ್ದು 1975ರಲ್ಲಿ. ಹಿಂದಿನ ವರ್ಷ, 1974ರ ಮಾರ್ಚ್ 1ರಂದು, ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಯಾಗಿತ್ತು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯ ಕಾಲ. ಗೇಣಿದಾರರು ಏಳನೇ ನಂಬರಿನ ಅರ್ಜಿ ಹಿಡಿದು ಭೂ ನ್ಯಾಯಮಂಡಳಿಗಳ ಮುಂದೆ ಸಾಲುಗಟ್ಟಿದರು. ಕರಾವಳಿಯಲ್ಲಿ ಎಷ್ಟೋ ಮನೆಗಳ ಹಣೆಬರಹ ಬದಲಾಯಿತು. ಅದು ಸಣ್ಣ ಸಂಗತಿಯಲ್ಲ. ಆದರೆ ಆ ಅರ್ಜಿ ಹಾಕಲು ನೀವು ಗೇಣಿದಾರರಾಗಿರಬೇಕಿತ್ತು. ಚೋಮ ಬದುಕಿದ್ದರೂ ಅವನ ಅರ್ಜಿ ನಿಲ್ಲುತ್ತಿರಲಿಲ್ಲ. ಗೇಣಿಗೆ ಕೇಳಿ, ಇಲ್ಲ ಅನ್ನಿಸಿಕೊಂಡವನಿಗೆ ಆ ಫಾರಂನಲ್ಲಿ ಕಾಲಂ ಇರಲಿಲ್ಲ. ಬ್ರಿಟಿಷರ ಕಾಲದಲ್ಲಿ ಅವನಂಥವರಿಗೆಂದೇ ಮೀಸಲಿಟ್ಟ ‘ಡಿ.ಸಿ. ಮನ್ನಾ’ ಭೂಮಿಯನ್ನು ಹಂಚಿ ಎಂದು ದಕ್ಷಿಣ ಕನ್ನಡ, ಉಡುಪಿಗಳ ದಲಿತ ಸಂಘಟನೆಗಳು ಇನ್ನೂ ಕೇಳುತ್ತಲೇ ಇವೆ. ಇತ್ತ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು, ದುಡ್ಡಿರಬೇಕು ಅಷ್ಟೆ.

ಮುಂದಿನ ಸಲ ಬಳಗ ಸೇರಿದಾಗ ಸಿನಿಮಾದ ಕೊನೆಯ ಭಾಗವನ್ನು ಮತ್ತೆ ನೋಡಬೇಕೆಂದಿದ್ದೇವೆ. ಚೋಮ ಅಲ್ಲಿ ಒಮ್ಮೆ ಎತ್ತು ಹೂಡುತ್ತಾನೆ. ಯಾರದೋ ನೆಲ, ಬಿತ್ತಲು ಬೀಜವಿಲ್ಲ. ಆಮೇಲೆ ಎತ್ತುಗಳನ್ನು ಬಿಚ್ಚಿ, ಅವು ಎಲ್ಲಿಂದ ಬಂದಿದ್ದವೋ ಆ ಕಾಡಿನ ಕಡೆಗೇ ಅಟ್ಟುತ್ತಾನೆ. ಬಾಗಿಲು ಹಾಕಿಕೊಂಡು ದುಡಿ ಎತ್ತಿಕೊಳ್ಳುವುದು ಅದಾದ ಮೇಲೆ.